ಬ್ರೂಸ್ ಲೀ ಹಾಕಿದ ಲಾಗ

ಹೋದ ತಿಂಗಳು ಅಕ್ಕನ ಊರಿಗೆ ಹೋಗಿದ್ದೆ. ಹಿತ್ತಲಲ್ಲಿ ಬಣವೆಯ ಮುಂದೆ ಹಳೇ ಗಾದಿ ಹಾಸಿಕೊಂಡು ಅಳಿಯ ಹಿಂದಕ್ಕೆ ಲಾಗ ಹಾಕುತ್ತಿದ್ದ. ಅವನ ಗೆಳೆಯ ಗೋಡೆಗೆ ಒರಗಿ ಮೊಬೈಲ್ ಹಿಡಿದು ವಿಡಿಯೊ ಮಾಡುತ್ತಿದ್ದ. ಹತ್ತರಲ್ಲಿ ಆರು ಸಲ ಹುಡುಗ ನೆಟ್ಟಗೆ ನಿಲ್ಲುತ್ತಿದ್ದ, ನಾಲ್ಕು ಸಲ ಮೊಣಕಾಲ ಮೇಲೆ ಬೀಳುತ್ತಿದ್ದ. ಬಿದ್ದ ವಿಡಿಯೊ ಅಳಿಸಿ ಹಾಕಿ, ನಿಂತ ವಿಡಿಯೊ ಮಾತ್ರ ಇಟ್ಟುಕೊಳ್ಳುತ್ತಿದ್ದರು.

ಪಿಯುಸಿ ಮುಗಿದಿದೆ. ನಾಲ್ಕು ವರ್ಷದಿಂದ ತಾಲೂಕಿಗೆ ಕರಾಟೆ ಕ್ಲಾಸಿಗೆ ಹೋಗುತ್ತಾನೆ. ಈಗ ಬೆಂಗಳೂರಿಗೆ ಹೋಗಿ ಸಿನಿಮಾದಲ್ಲಿ ಫೈಟರ್ ಆಗುತ್ತೇನೆ ಅಂತ ಹಟ ಹಿಡಿದಿದ್ದಾನೆ. ಅಕ್ಕ ನನಗೆ ಚಹಾ ಕೊಡುವ ಮುಂಚೆಯೇ ಶುರು ಮಾಡಿದಳು.

"ತಮ್ಮಾ, ನೀ ಪೇಪರಿನ್ಯಾಗ ಇರಾಂವ, ನಾಕು ಮಂದೀನ ಕಂಡಾಂವ. ನೀನರ ಇವಗ ತಿಳಿಸಿ ಹೇಳೋ."

ನಾನು ಪೇಪರಿನಲ್ಲಿರುವುದು ನಿಜ. ಆದರೆ ಹೇಗೆ ಇದ್ದೇನೆ ಅನ್ನುವುದು ಅಕ್ಕನಿಗೆ ಪೂರ್ತಿ ಗೊತ್ತಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ಅಳಿಯ ಬೆವರು ಒರೆಸಿಕೊಳ್ಳುತ್ತ ಬಂದು ಮೊಬೈಲ್ ತೋರಿಸಿದ. 'ಎಂಟರ್ ದಿ ಡ್ರ್ಯಾಗನ್' ಸಿನಿಮಾದ ತುಣುಕು. ಬ್ರೂಸ್ ಲೀ ಮತ್ತು ಓಹಾರಾ ಎಂಬ ಗಡ್ಡದವನ ಕಾಳಗ. ಒಂದು ಕ್ಷಣದಲ್ಲಿ ಲೀ ಹಿಂದಕ್ಕೆ ಲಾಗ ಹಾಕುತ್ತಲೇ ಎದುರಾಳಿಗೆ ಒದೆಯುತ್ತಾನೆ. ನೀವೂ ನೋಡಿರುತ್ತೀರಿ.

"ಮಾಮಾ, ಬ್ರೂಸ್ ಲೀ ಹಾಕಿದಂಗ ಲಾಗ ಹಾಕಬೇಕು ನಾನು."

"ಅದು ಬ್ರೂಸ್ ಲೀ ಹಾಕಿದ್ದಲ್ಲಪಾ," ಅಂದೆ.

ಯಾರೋ ಅವನ ಕಪಾಳಕ್ಕೆ ಕೊಟ್ಟ ಹಾಗಾಯಿತು. ನನಗೂ ಈ ಸಂಗತಿ ಮೊದಲು ಗೊತ್ತಾದಾಗ ಹಾಗೇ ಆಗಿತ್ತು. ನಾವು ಸಣ್ಣವರಿದ್ದಾಗ ಗಣಪತಿ ಹಬ್ಬಕ್ಕೆ ಪಟ್ಟಿ ಎತ್ತಿ ಬಣ್ಣದ ಟಿವಿ ಬಾಡಿಗೆಗೆ ತರುತ್ತಿದ್ದರು. ರಾತ್ರಿ ಮೂರು ಸಿನಿಮಾ. ಎರಡು ರಾಜಕುಮಾರ್ ಅವರದ್ದು, ಬೆಳಗಿನ ಜಾವದ್ದು ಬ್ರೂಸ್ ಲೀದು. ಭಾಷೆ ಯಾವುದಾದರೇನು, ಹೊಡೆತಕ್ಕೆ ಭಾಷೆ ಬೇಕಾಗಿರಲಿಲ್ಲ. ಮರುದಿನ ನಾವೆಲ್ಲ ಅಂಗಿ ಬಿಚ್ಚಿ, ಎರಡು ಕಟ್ಟಿಗೆಗೆ ಸೈಕಲ್ ಚೈನು ಬಿಗಿದು ತಿರುಗಿಸಿ, ಸ್ವಂತ ಹಣೆಗೇ ಹೊಡೆದುಕೊಂಡವರು. ನನ್ನ ಎಡಹುಬ್ಬಿನ ಮೇಲೆ ಆ ಗುರುತು ಇನ್ನೂ ಇದೆ.

ಆ ಲಾಗ ಹಾಕಿದವನ ಹೆಸರು ಯುಯೆನ್ ವಾ. ಹಾಂಗ್‌ಕಾಂಗಿನವನು. ಹುಟ್ಟಿದ್ದು 1950ರಲ್ಲಿ. 'ಎಂಟರ್ ದಿ ಡ್ರ್ಯಾಗನ್' ಚಿತ್ರೀಕರಣದ ಹೊತ್ತಿಗೆ ಇಪ್ಪತ್ತೆರಡು ವರ್ಷದ ಹುಡುಗ. ಬ್ರೂಸ್ ಲೀಗೆ ಡ್ಯೂಪ್.

ಲೀಯನ್ನು ಕಡಿಮೆ ಮಾಡಲು ಇದನ್ನು ಹೇಳುತ್ತಿಲ್ಲ. ಅವನ ಒದೆ, ಗುದ್ದು, ಆ ಕಣ್ಣಿನ ಬೆಂಕಿ ಎಲ್ಲ ಅವನದೇ. ಆದರೆ ಗಾಳಿಯಲ್ಲಿ ಮೈ ತಿರುಗಿಸುವುದು ಬೇರೆಯೇ ವಿದ್ಯೆ, ಅವನು ಕಲಿತಿದ್ದು ಅದನ್ನಲ್ಲ. ಕುಸ್ತಿ ಪೈಲವಾನನಿಗೆ ಮಲ್ಲಕಂಬ ಹತ್ತು ಅಂದ ಹಾಗೆ. ಹಾಗಾಗಿ ಲೀಯ ಮುಖ ತೋರಿಸುವುದು, ಕಟ್ ಮಾಡುವುದು, ಅದೇ ಬಟ್ಟೆ ಅದೇ ಕೂದಲಿನ ಯುಯೆನ್ ವಾ ತಿರುಗುವುದನ್ನು ತೋರಿಸುವುದು, ಮತ್ತೆ ಕಟ್ ಮಾಡಿ ಲೀಗೆ ಬರುವುದು. ನೋಡುವವರಿಗೆ ಒಂದೇ ಮೈ.

ಅವನು ಆ ವಿದ್ಯೆ ಕಲಿತ ಬಗೆ ಕೇಳಿ.

ಹಾಂಗ್‌ಕಾಂಗಿನ ಕೌಲೂನ್ ಭಾಗದಲ್ಲಿ ಚೀನಾ ಡ್ರಾಮಾ ಅಕಾಡೆಮಿ ಅಂತ ಒಂದು ಶಾಲೆ ಇತ್ತು. ಯು ಜಿಮ್-ಯುಯೆನ್ ಎಂಬ ಗುರು ನಡೆಸುತ್ತಿದ್ದ. ಕಲಿಸುತ್ತಿದ್ದದ್ದು ಪೀಕಿಂಗ್ ಒಪೆರಾ. ಹೆಸರು ಕೇಳಿ ಹೆದರಬೇಡಿ. ನಮ್ಮ ದೊಡ್ಡಾಟ, ಯಕ್ಷಗಾನ ಇದ್ದ ಹಾಗೆಯೇ ಹಾಡು, ಮಾತು, ಬಣ್ಣ, ಕುಣಿತ, ಯುದ್ಧ ಎಲ್ಲ ಕೂಡಿದ ಆಟ. ಯಕ್ಷಗಾನದಲ್ಲಿ ದಿಗಿಣ ಹಾಕುತ್ತಾರಲ್ಲ, ಅಂಥದ್ದು ಅಲ್ಲಿ ಹತ್ತು ಪಟ್ಟು. ಬಡವರು ಮಕ್ಕಳನ್ನು ತಂದು ಕರಾರಿಗೆ ಸಹಿ ಹಾಕಿ ಬಿಟ್ಟು ಹೋಗುತ್ತಿದ್ದರು. ಜಾಕಿ ಚಾನ್ ಅಲ್ಲಿಗೆ ಸೇರಿದಾಗ ವಯಸ್ಸು ಏಳು, ಕರಾರು ಹತ್ತು ವರ್ಷದ್ದು. ಬೆಳಗಿನ ಜಾವಕ್ಕೆ ಏಳಬೇಕು. ತಲೆ ಕೆಳಗೆ ಮಾಡಿ ಕೈ ಮೇಲೆ ನಿಲ್ಲಬೇಕು, ಗುರು ಇಳಿ ಅನ್ನುವವರೆಗೂ ಇಳಿಯುವ ಹಾಗಿಲ್ಲ. ತಪ್ಪಿದರೆ ಬೆತ್ತ. ಮಕ್ಕಳು ಆಟ ಆಡಿ ದುಡಿದ ದುಡ್ಡು ಗುರುವಿನ ಗಂಟಿಗೆ.

ನಮ್ಮಲ್ಲೂ ನಾಟಕ ಕಂಪನಿಗಳಲ್ಲಿ ಮಕ್ಕಳು ಬೆಳೆದಿದ್ದಾರೆ. ರಾಜಕುಮಾರ್ ಅವರೇ ಎಳೆಯ ವಯಸ್ಸಿನಲ್ಲಿ ಗುಬ್ಬಿ ಕಂಪನಿ ಸೇರಿದವರು. ಆ ಬದುಕಿನ ಬಗ್ಗೆ ಓದುವಾಗಲೆಲ್ಲ ಕಲೆ ದೊಡ್ಡದೋ, ಹೊಟ್ಟೆಯ ಸಂಕಟ ದೊಡ್ಡದೋ ಅಂತ ನನಗೆ ಬಗೆಹರಿಯುವುದಿಲ್ಲ. ಮಕ್ಕಳನ್ನು ಬೆತ್ತದಿಂದ ಬಡಿದು ಕಲಿಸಿದ್ದನ್ನು ನಾನು ಹೊಗಳಲಾರೆ, ಅದರಿಂದ ಎಂಥ ಲಾಗ ಹುಟ್ಟಿದ್ದರೂ ಸರಿ.

ಗುರು ಆ ಮಕ್ಕಳಿಗೆ ತನ್ನ ಹೆಸರಿನ 'ಯುಯೆನ್' ಅನ್ನೇ ಕೊಟ್ಟ. ಹುಟ್ಟಿದಾಗ ಇಟ್ಟ ಹೆಸರು ಮೂಲೆಗೆ ಹೋಯಿತು. ಆ ಶಾಲೆಯಿಂದ ಬಂದ ಯುಯೆನ್ ವಾ, ಯುಯೆನ್ ಬಿಯಾವ್, ಕೋರಿ ಯುಯೆನ್, ಯುಯೆನ್ ಚ್ಯೂ ಎಂಬ ಹೆಣ್ಣುಮಗಳು, ಇವರೆಲ್ಲ ಅಣ್ಣ ತಂಗಿ ಅಲ್ಲ, ಒಂದೇ ಬೆತ್ತ ತಿಂದವರು. ಸ್ಯಾಮೊ ಹಂಗ್ ಮತ್ತು ಜಾಕಿ ಚಾನ್ ಕೂಡ ಅದೇ ಶಾಲೆಯವರು. ಚೆನ್ನಾಗಿ ಆಡುವ ಮಕ್ಕಳನ್ನು ಆರಿಸಿ 'ಸೆವೆನ್ ಲಿಟಲ್ ಫಾರ್ಚೂನ್ಸ್' ಅಂತ ಒಂದು ಮೇಳ ಕಟ್ಟಿದ್ದರು. ಏಳು ಪುಟ್ಟ ಅದೃಷ್ಟಗಳು ಅಂತ ಅರ್ಥ.

ಅದೃಷ್ಟ ಕೈಕೊಟ್ಟಿತು. ಇವರು ಬೆಳೆದು ನಿಲ್ಲುವ ಹೊತ್ತಿಗೆ ಒಪೆರಾಕ್ಕೆ ಜನ ಬರುವುದು ನಿಂತಿತ್ತು. ಜನವೆಲ್ಲ ಸಿನಿಮಾ ಕಡೆ ಹೋಗಿತ್ತು. ಓದು ಬರಹ ಹೆಚ್ಚಿಲ್ಲ, ಕೈಯಲ್ಲಿ ದುಡ್ಡಿಲ್ಲ, ಇರುವುದೊಂದೇ, ಮೈ. ಆ ಮೈ ತೆಗೆದುಕೊಂಡು ಸ್ಟುಡಿಯೊ ಬಾಗಿಲಿಗೆ ಹೋದರು. ಬೀಳುವುದಕ್ಕೆ, ಸಾಯುವುದಕ್ಕೆ, ಹೀರೊ ಕೈಯಲ್ಲಿ ಒದೆ ತಿನ್ನುವುದಕ್ಕೆ ದಿನಗೂಲಿ.

'ಫಿಸ್ಟ್ ಆಫ್ ಫ್ಯೂರಿ' 1972ರ ಸಿನಿಮಾ. ಅದರಲ್ಲೊಂದು ಹೆಸರಾದ ದೃಶ್ಯ ಇದೆ. ನಾಯಿಗಳಿಗೂ ಚೀನೀಯರಿಗೂ ಪ್ರವೇಶವಿಲ್ಲ ಅಂತ ಉದ್ಯಾನದ ಬಾಗಿಲಿಗೆ ಹಲಗೆ ಹಾಕಿರುತ್ತಾರೆ. ಬಾಗಿಲಲ್ಲಿ ತಡೆಯುವ ಕಾವಲುಗಾರ ರುಮಾಲು ಸುತ್ತಿದ ಸಿಖ್. ಬ್ರಿಟಿಷರು ನಮ್ಮವರನ್ನು ಎಲ್ಲೆಲ್ಲಿ ಕಾವಲಿಗೆ ನಿಲ್ಲಿಸಿದ್ದರು ನೋಡಿ. ಆಗ ಒಬ್ಬ ಜಪಾನಿ ಬಂದು, ನಾಯಿ ಹಾಗೆ ನಾಲ್ಕು ಕಾಲಲ್ಲಿ ನಡೆದರೆ ಒಳಗೆ ಕರೆದುಕೊಂಡು ಹೋಗುತ್ತೇನೆ ಅಂತ ಬ್ರೂಸ್ ಲೀಯನ್ನು ಹಂಗಿಸುತ್ತಾನೆ. ಲೀ ಅವನನ್ನೂ ಅವನ ಜೊತೆಯವರನ್ನೂ ಹೊಡೆದು, ಆ ಹಲಗೆಯನ್ನು ಒದ್ದು ಚೂರು ಮಾಡುತ್ತಾನೆ.

ಆ ಜಪಾನಿ ಯುಯೆನ್ ವಾ. ಅದೇ ಸಿನಿಮಾದಲ್ಲಿ ಲೀಗೆ ಡ್ಯೂಪ್ ಕೂಡ ಅವನೇ. ಪರದೆಯ ಮೇಲೆ ಲೀ ಕೈಯಲ್ಲಿ ಏಟು ತಿಂದವನು, ಪರದೆಯ ಹಿಂದೆ ಲೀಯ ಮೈ ಆಗಿದ್ದ.

ಆ ಕೆಲಸ ಹೇಗೆ ನಡೆಯುತ್ತಿತ್ತು ಅಂದರೆ, ಹಾಂಗ್‌ಕಾಂಗಿನಲ್ಲಿ ಹೊಡೆದಾಟವನ್ನು ಸಣ್ಣ ಸಣ್ಣ ತುಂಡಾಗಿ ತೆಗೆಯುತ್ತಿದ್ದರು. ಇಷ್ಟು ಹೊಡೆತ, ಅಷ್ಟು ಬೀಳುವಿಕೆ ಅಂತ ಮುಂಚೆಯೇ ಬರೆದಿಟ್ಟ ಕಾಗದ ಇರುತ್ತಿರಲಿಲ್ಲ. ಜಾಗಕ್ಕೆ ಹೋಗಿ, ಅಲ್ಲಿ ಕುರ್ಚಿ ಇದ್ದರೆ ಕುರ್ಚಿ, ಮೆಟ್ಟಿಲಿದ್ದರೆ ಮೆಟ್ಟಿಲು ನೋಡಿ ಫೈಟ್ ಮಾಸ್ಟರ್ ಹೊಂದಿಸುತ್ತಿದ್ದ. ಬಟ್ಟೆಗೆ ಪುಡಿ ಬಳಿಯುತ್ತಿದ್ದರು, ಹೊಡೆತ ಬಿದ್ದಾಗ ಧೂಳೆದ್ದು ಜೋರಾಗಿ ಕಾಣಲಿ ಅಂತ. ಸೆಕೆಂಡಿಗೆ 24 ಚೌಕಟ್ಟು ಓಡಬೇಕಾದ ಕ್ಯಾಮೆರಾವನ್ನು ಸ್ವಲ್ಪ ನಿಧಾನ, 22ಕ್ಕೆ ಓಡಿಸಿದರೆ ಪರದೆಯ ಮೇಲೆ ಕೈಕಾಲು ಇನ್ನೂ ಚುರುಕು. ಇಷ್ಟೆಲ್ಲ ಚಮತ್ಕಾರ ಇದ್ದರೂ ಒಂದಕ್ಕೆ ಮಾತ್ರ ಚಮತ್ಕಾರ ಇರಲಿಲ್ಲ. ಮೇಲಿನಿಂದ ಬೀಳಬೇಕಾದವನು ಬೀಳಲೇಬೇಕಿತ್ತು, ಕೆಳಗೆ ರಟ್ಟಿನ ಪೆಟ್ಟಿಗೆಗಳೋ ಗಾದಿಯೋ ಇದ್ದರೆ ಅವನ ಪುಣ್ಯ.

ಬ್ರೂಸ್ ಲೀ ತೀರಿಕೊಂಡಿದ್ದು 1973ರ ಜುಲೈ 20ರಂದು, 32ನೇ ವಯಸ್ಸಿಗೆ. 'ಎಂಟರ್ ದಿ ಡ್ರ್ಯಾಗನ್' ಅಮೆರಿಕದಲ್ಲಿ ತೆರೆಕಂಡಿದ್ದು ಅವನು ಹೋದ ಮುಂದಿನ ತಿಂಗಳು. ಅರ್ಧಕ್ಕೆ ನಿಂತಿದ್ದ 'ಗೇಮ್ ಆಫ್ ಡೆತ್' ಚಿತ್ರವನ್ನು ಐದು ವರ್ಷದ ಮೇಲೆ, 1978ರಲ್ಲಿ, ಡ್ಯೂಪ್‌ಗಳನ್ನೇ ಹಾಕಿ ಮುಗಿಸಿದರು. ಕೊರಿಯಾದ ಕಿಮ್ ಟೈ-ಚುಂಗ್ ಒಬ್ಬ, ಯುಯೆನ್ ವಾನ ಸಹಪಾಠಿ ಯುಯೆನ್ ಬಿಯಾವ್ ಇನ್ನೊಬ್ಬ. ಸತ್ತವನ ಹೆಸರಲ್ಲಿ ಬದುಕಿದವರು ಗುದ್ದಾಡಿದರು. ಪೋಸ್ಟರಿನಲ್ಲಿ ಇದ್ದದ್ದು ಲೀಯ ಮುಖವೇ.

ಇಲ್ಲಿಗೆ ಬಂದಾಗ ಅಳಿಯ ಕೇಳಿದ, "ಹಂಗಾದ್ರ ಅಂವ ಸಿಟ್ಟಿಗೇಳಲಿಲ್ಲೇನು ಮಾಮಾ?"

ಅವನು ಸಿಟ್ಟಾಗಿದ್ದನೋ ಇಲ್ಲವೋ, ನಾನು ಮಾತ್ರ ಆಗಿದ್ದೆ. ಅದನ್ನು ಹೇಳುತ್ತೇನೆ.

2019ರ ಆಗಸ್ಟ್. ನವಿಲುತೀರ್ಥದಿಂದ ನೀರು ಬಿಟ್ಟು ಮಲಪ್ರಭೆ ಊರೂರಿಗೆ ನುಗ್ಗಿತ್ತು. ನಾನಾಗ ಒಂದು ಪೇಪರಿಗೂ ಒಂದು ಚಾನೆಲ್‌ಗೂ ಸ್ಟ್ರಿಂಗರ್. ಸ್ಟ್ರಿಂಗರ್ ಅಂದರೆ ಸುದ್ದಿಗಿಷ್ಟು ಅಂತ ದುಡ್ಡು, ಸಂಬಳ ಅಲ್ಲ. ಬೈಕು ನನ್ನದು, ಪೆಟ್ರೋಲ್ ನನ್ನದು, ಮೊಬೈಲ್ ನನ್ನದು. ನಸುಕಿನಲ್ಲೇ ಹೋಗಿ, ಸೊಂಟಮಟ್ಟದ ನೀರಿನಲ್ಲಿ ನಿಂತು, ಮಾಳಿಗೆ ಮೇಲೆ ಕೂತ ಮಂದಿಯನ್ನು, ಗ್ವಾದಲಿಯಲ್ಲೇ ಕಟ್ಟಿಹಾಕಿ ಸತ್ತ ಎಮ್ಮೆಗಳನ್ನು ಚಿತ್ರಿಸಿದೆ. ಕಳಿಸಿದೆ. ಚಾನೆಲ್‌ನಲ್ಲಿ ಇಡೀ ದಿನ ಓಡಿತು. ಮಧ್ಯಾಹ್ನದ ಮೇಲೆ ಬೆಂಗಳೂರಿನಿಂದ ವರದಿಗಾರರು ಕಾರಿನಲ್ಲಿ ಬಂದರು. ಮೊಣಕಾಲು ತೋಯುವಷ್ಟು ನೀರಿನಲ್ಲಿ ನಿಂತು ಮೈಕ್ ಹಿಡಿದು ಮಾತಾಡಿದರು. ಅವರ ಮುಖ, ನಾನು ತೆಗೆದ ನೀರು, ಅವರ ಮುಖ. ನೋಡಿದವರಿಗೆ ಅವರೇ ಆ ಪ್ರವಾಹದ ನಡುವೆ ನಿಂತ ಹಾಗೆ. ನಾನು ಮೇಲೆ ಹೇಳಿದೆನಲ್ಲ, ಕಟ್ ಮಾಡುವ ವಿದ್ಯೆ, ಅದೇ.

ಅವ್ವ ಟಿವಿ ಮುಂದೆ ಕೂತು ಕೇಳಿದಳು, "ನೀ ಎಲ್ಲದೀಯೋ ಯಪ್ಪಾ ಇದರಾಗ?"

ಮರುದಿನ ಒಡೆದ ಒಡ್ಡಿನ ಮೇಲೆ ಕಾಲು ಜಾರಿ ಬಿದ್ದೆ. ಕಾಲರ್ ಬೋನ್ ಮುರಿಯಿತು. ಪಟ್ಟಿ, ಎಕ್ಸ್‌ರೇ, ಔಷಧ ಎಲ್ಲ ಸೇರಿ ಹದಿನೆಂಟು ಸಾವಿರ. ಆಫೀಸಿಗೆ ಫೋನ್ ಮಾಡಿದರೆ, "ನೀವು ನಮ್ಮ ಸ್ಟಾಫ್ ಅಲ್ವಲ್ಲ," ಅಂದರು. ಒರಟಾಗಿ ಅಲ್ಲ, ಬಹಳ ಮೆತ್ತಗೆ ಅಂದರು. ಆರು ವಾರ ಕೈ ಕೊರಳಿಗೆ ಕಟ್ಟಿಕೊಂಡು ಮನೆಯಲ್ಲಿ ಕೂತಿದ್ದೆ. ಮೊಬೈಲಿನಲ್ಲಿ ಹಳೇ ಫೈಟ್ ಸಿನಿಮಾಗಳನ್ನು ನೋಡುತ್ತ, ಅವುಗಳ ಬಗ್ಗೆ ಓದುತ್ತ ಹೋದಾಗ ಯುಯೆನ್ ವಾ ನನಗೆ ಸಿಕ್ಕಿದ್ದು ಆಗಲೇ.

ಮುಂದೆ ಅವನ ಕತೆ ತಿರುಗುತ್ತದೆ, ಆದರೆ ಒಮ್ಮೆಗೇ ಅಲ್ಲ. ಲೀ ಹೋದ ಮೇಲೆ ಶಾ ಬ್ರದರ್ಸ್ ಕಂಪನಿಯ ಚಿತ್ರಗಳಲ್ಲಿ ಬಿದ್ದ, ಎದ್ದ, ಸಣ್ಣಪುಟ್ಟ ಪಾತ್ರ ಮಾಡಿದ. 1985ರ 'ಮಿಸ್ಟರ್ ವ್ಯಾಂಪೈರ್' ಚಿತ್ರದಲ್ಲಿ ಕುಪ್ಪಳಿಸುವ ಹೆಣದ ಪಾತ್ರ ಸಿಕ್ಕಿತು. ಚಿತ್ರ ಭಾರೀ ಓಡಿತು, ಆದರೆ ಹೆಣದ ಬಣ್ಣದ ಹಿಂದೆ ಮುಖ ಮತ್ತೆ ಮುಚ್ಚಿಹೋಯಿತು!

ಕೊನೆಗೆ ಕೈಹಿಡಿದವನು ಸಹಪಾಠಿ ಸ್ಯಾಮೊ ಹಂಗ್. ಅವನ 'ಈಸ್ಟರ್ನ್ ಕಾಂಡೋರ್ಸ್' (1987) ಚಿತ್ರದಲ್ಲಿ ಯುಯೆನ್ ವಾ ವಿಯೆಟ್ನಾಮಿನ ಸೇನಾಧಿಕಾರಿ. ಸಣಕಲು ಮೈ, ಕಿಸಿಕಿಸಿ ನಗು. ನಗುತ್ತಲೇ ಎದುರಿನವರನ್ನು ಮುರಿದು ಹಾಕುವ ಖಳ. ಮರುವರ್ಷ 'ಡ್ರ್ಯಾಗನ್ಸ್ ಫಾರೆವರ್'. ಮೀನು ಸಾಕುವ ನೀರಿಗೆ ವಿಷ ಬಿಡುವ ಕಾರ್ಖಾನೆಯ ಮಾಲೀಕ, ಬಾಯಲ್ಲಿ ಸಿಗಾರ್. ಒಳಗೆ ನಡೆಯುವುದು ಮಾದಕ ವಸ್ತುವಿನ ದಂಧೆ. ಇಂಥ ಕಾರ್ಖಾನೆ ಮಾಲೀಕರನ್ನು ಸುದ್ದಿ ಮಾಡಲು ಹೋಗಿ ಗೇಟಿನಲ್ಲೇ ವಾಪಸು ಬಂದವನಾದ್ದರಿಂದ ನನಗೆ ಆ ಪಾತ್ರ ಬಹಳ ಹಿಡಿಸಿತು. ಎದುರಿಗೆ ಜಾಕಿ ಚಾನ್, ಸ್ಯಾಮೊ, ಯುಯೆನ್ ಬಿಯಾವ್ ಮೂವರೂ. ಒಂದೇ ಶಾಲೆಯಲ್ಲಿ ಒಟ್ಟಿಗೆ ತಲೆಕೆಳಗಾಗಿ ನಿಂತ ನಾಲ್ವರು, ಸಿನಿಮಾದಲ್ಲಿ ಮೂವರು ಒಂದು ಕಡೆ, ಇವನೊಬ್ಬ ಇನ್ನೊಂದು ಕಡೆ. ಕೊನೆಯ ಹೊಡೆದಾಟದಲ್ಲಿ ಅವರು ಎಷ್ಟು ನಂಬಿ ಏಟು ಕೊಡುತ್ತಾರೆ, ತಿನ್ನುತ್ತಾರೆ ನೋಡಿ. ಜೊತೆಯಲ್ಲಿ ಬೆಳೆಯದಿದ್ದರೆ ಅಷ್ಟು ನಂಬಿಕೆ ಬರುವುದಿಲ್ಲ. 1992ರಲ್ಲಿ ಜಾಕಿಯ 'ಪೊಲೀಸ್ ಸ್ಟೋರಿ 3'ರಲ್ಲೂ ಅವನು ಖಳನೇ.

ಆಮೇಲೆ 2004ರಲ್ಲಿ ಸ್ಟೀಫನ್ ಚೌ ನಿರ್ದೇಶಿಸಿ ನಟಿಸಿದ 'ಕುಂಗ್ ಫು ಹಸಲ್' ಬಂತು. ಇದನ್ನು ನಿಮ್ಮಲ್ಲಿ ಬಹಳ ಮಂದಿ ಟಿವಿಯಲ್ಲಿ ನೋಡಿದ್ದೀರಿ. ಬಡವರ ವಠಾರ, ಅದಕ್ಕೊಬ್ಬ ಮಾಲೀಕ. ಮಲಗುವ ಬಟ್ಟೆಯಲ್ಲೇ ಓಡಾಡುವ, ಕುಡುಕ, ಹೆಂಗಸರನ್ನು ಕಂಡರೆ ಹಲ್ಲು ಕಿರಿಯುವ ಮುದುಕ. ಹೆಂಡತಿ ಅವನನ್ನು ಹಿಡಿದು ಬಡಿದು ಮೇಲಿನಿಂದ ಕೆಳಕ್ಕೆ ಎಸೆದರೆ, ಬಿದ್ದವನ ತಲೆ ಮೇಲೆ ಹೂವಿನ ಕುಂಡವೂ ಬಂದು ಬೀಳುತ್ತದೆ. ನಕ್ಕು ನಕ್ಕು ಸಾಕಾಗುತ್ತದೆ. ಅರ್ಧ ಸಿನಿಮಾ ಆದ ಮೇಲೆ ತಿಳಿಯುತ್ತದೆ, ಗಂಡ ಹೆಂಡತಿ ಇಬ್ಬರೂ ವಿದ್ಯೆ ಮುಚ್ಚಿಟ್ಟುಕೊಂಡು ಬದುಕಿದ್ದ ಮಹಾಗುರುಗಳು ಅಂತ.

ಆ ಮಾಲೀಕ ಯುಯೆನ್ ವಾ. ಹೆಂಡತಿ ಯುಯೆನ್ ಚ್ಯೂ, ಅದೇ ಶಾಲೆಯ ಹುಡುಗಿ, ಅವಳೂ ಸ್ಟಂಟ್ ಮಾಡುತ್ತಿದ್ದವಳೇ. 1974ರ ಜೇಮ್ಸ್ ಬಾಂಡ್ ಚಿತ್ರ 'ದಿ ಮ್ಯಾನ್ ವಿತ್ ದಿ ಗೋಲ್ಡನ್ ಗನ್'ನಲ್ಲಿ ಶಾಲೆಯ ಸಮವಸ್ತ್ರ ತೊಟ್ಟು ಹೊಡೆದಾಡುವ ಇಬ್ಬರು ಹುಡುಗಿಯರಲ್ಲಿ ಒಬ್ಬಳು. ಮೂವತ್ತು ವರ್ಷದ ಮೇಲೆ ಬಾಯಲ್ಲಿ ಸಿಗರೇಟು, ತಲೆಯಲ್ಲಿ ಕರ್ಲರ್, ಸಿಂಹದ ಗರ್ಜನೆ.

ಮರುವರ್ಷ ಹಾಂಗ್‌ಕಾಂಗ್ ಫಿಲ್ಮ್ ಅವಾರ್ಡ್ಸ್‌ನಲ್ಲಿ ಯುಯೆನ್ ವಾಗೆ ಅತ್ಯುತ್ತಮ ಪೋಷಕ ನಟ ಪ್ರಶಸ್ತಿ ಬಂತು. ವಯಸ್ಸು 54. ಬ್ರೂಸ್ ಲೀಯ ಲಾಗ ಹಾಕಿ ಮೂವತ್ತು ವರ್ಷ ದಾಟಿತ್ತು. 2021ರಲ್ಲಿ ಮಾರ್ವೆಲ್‌ನವರ 'ಶಾಂಗ್-ಚಿ' ಬಂದಾಗ ಅದರಲ್ಲೂ ಇದ್ದ, ಊರ ಹಿರಿಯ ಗುವಾಂಗ್ ಬೋ ಆಗಿ. ಎಪ್ಪತ್ತು ದಾಟಿದ ಮುದುಕ, ಕೈಯಲ್ಲಿ ಇನ್ನೂ ಅದೇ ನೆಟ್ಟಗಿನ ಪಟ್ಟು.

"ಆ ಮುದುಕ್ಯಾ ಇಂವನ?" ಅಂತ ಅಳಿಯ ಎದ್ದೇ ನಿಂತ. ಅವನು ಶಾಂಗ್-ಚಿ ಎರಡು ಸಲ ನೋಡಿದ್ದಾನೆ.

ಇಷ್ಟು ಹೇಳಿ ನಿಲ್ಲಿಸಿದ್ದರೆ ಅಕ್ಕ ನನ್ನನ್ನು ಮನೆಯಿಂದ ಹೊರಗೆ ಹಾಕುತ್ತಿದ್ದಳು, ಹುಡುಗನಿಗೆ ಇನ್ನಷ್ಟು ಹುಚ್ಚು ಹಿಡಿಸಿದೆ ಅಂತ. ಹಾಗಾಗಿ ಇನ್ನೊಂದು ಮುಖವನ್ನೂ ಹೇಳಿದೆ. 2016ರ ನವೆಂಬರ್ 7, ಬೆಂಗಳೂರಿನ ಹತ್ತಿರದ ತಿಪ್ಪಗೊಂಡನಹಳ್ಳಿ ಜಲಾಶಯ, 'ಮಾಸ್ತಿಗುಡಿ' ಚಿತ್ರೀಕರಣ. ಹೆಲಿಕಾಪ್ಟರಿನಿಂದ ನೀರಿಗೆ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲಿಲ್ಲ. ಈಜು ಅಷ್ಟಾಗಿ ಬರುವುದಿಲ್ಲ ಅಂತ ಹಾರುವ ಮುಂಚೆಯೇ ಟಿವಿಯವರ ಮುಂದೆ ಹೇಳಿದ್ದರು. ಅದನ್ನು ಕೇಳಿಸಿಕೊಂಡ ಮೈಕುಗಳು ಎಷ್ಟೋ ಇದ್ದವು, ತಡೆಯುವ ಕೈ ಒಂದೂ ಇರಲಿಲ್ಲ. ನಮ್ಮ ಕಸುಬಿನವರೂ ಅಲ್ಲಿ ನಿಂತಿದ್ದರು ಅನ್ನುವುದನ್ನು ನಾನು ಮರೆಯಲಾರೆ.

ಹಾಂಗ್‌ಕಾಂಗಿನಲ್ಲಿ ಸಾಹಸ ಸಂಯೋಜನೆಗೆ 1983ರಿಂದಲೇ ಪ್ರಶಸ್ತಿ ಇದೆ. ನಮ್ಮ ರಾಷ್ಟ್ರಪ್ರಶಸ್ತಿಯಲ್ಲಿ ಶುರುವಾಗಿದ್ದು 2017ರಲ್ಲಿ, ಮುಂದೆ 'ಕೆಜಿಎಫ್'ಗೂ ಬಂತು. ಆಸ್ಕರ್‌ನವರು ಸ್ಟಂಟ್ ಪ್ರಶಸ್ತಿ ಕೊಡಲು ಹೊರಟಿರುವುದೇ 2028ರ ಸಮಾರಂಭದಿಂದ. ಒಳ್ಳೆಯದೇ. ಆದರೆ ಈ ಪ್ರಶಸ್ತಿಗಳೆಲ್ಲ ಹೋಗುವುದು ಮಾಸ್ಟರ್‌ಗೆ. ಬಿದ್ದವನ ಕಾಲರ್ ಬೋನಿಗೆ ಬೇಕಾದದ್ದು ವಿಮೆ.

"ಮಾಮಾ, ನೀ ಈಗೂ ಅದ ಕೆಲಸ ಮಾಡಾಕತ್ತಿಯಲ್ಲ ಮತ್ತ," ಅಂದ ಅಳಿಯ. ಹುಡುಗರು ಎಲ್ಲಿ ಹಿಡಿಯಬೇಕೋ ಅಲ್ಲೇ ಹಿಡಿಯುತ್ತಾರೆ.

ಹೌದು, ಮಾಡುತ್ತಿದ್ದೇನೆ. ಕೈ ಕೂಡಿದ ಮೇಲೆ ಚಾನೆಲ್ ಬಿಟ್ಟೆ, ಪೇಪರ್ ಬಿಡಲಿಲ್ಲ. ಈಗ ತಿಂಗಳಿಗೆ ಒಂದೆರಡು ಸಲ ನನ್ನ ಹೆಸರಿನಲ್ಲೇ ಸುದ್ದಿ ಬರುತ್ತದೆ, ಉಳಿದದ್ದು 'ನಮ್ಮ ಪ್ರತಿನಿಧಿಯಿಂದ'. ಮೊದಲಿನ ಸಿಟ್ಟು ಇಲ್ಲ. ಯಾಕಿಲ್ಲ ಅಂದರೆ, ಆ ಆರು ವಾರದಲ್ಲಿ ನನ್ನದೇ ಹಳೇ ಸುದ್ದಿಗಳನ್ನು ತೆಗೆದು ಓದಿದ್ದೆ. ಪ್ರವಾಹದ ದಿನ ನನ್ನನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು, ನೀರಿನ ಸೆಳೆತದಲ್ಲಿ ನಾಲ್ಕು ಸಲ ಆಚೆ ಈಚೆ ಹುಟ್ಟು ಹಾಕಿದ ಹುಡುಗ ಒಬ್ಬನಿದ್ದ. ಅವನಿಲ್ಲದಿದ್ದರೆ ನನಗೆ ಒಂದು ಚಿತ್ರವೂ ಸಿಗುತ್ತಿರಲಿಲ್ಲ. ನನ್ನ ಸುದ್ದಿಯಲ್ಲಿ ಅವನು 'ಸ್ಥಳೀಯರೊಬ್ಬರು'. ಹೆಸರು ಕೇಳಿದ್ದೆನೋ ಇಲ್ಲವೋ, ಅದೂ ನೆನಪಿಲ್ಲ. ಆಮೇಲೆ ಆ ಊರಿಗೆ ಎರಡು ಸಲ ಹೋಗಿ ವಿಚಾರಿಸಿದೆ. ದುಡಿಯಲು ಗೋವಾಕ್ಕೆ ಹೋಗಿದ್ದಾನೆ ಅಂದರು.

ಸಂಜೆ ಹೊತ್ತಿಗೆ ಅಳಿಯ ಆ ತುಣುಕನ್ನು ಮತ್ತೆ ಹಾಕಿದ. ಬೆರಳಿನಿಂದ ಹಿಂದೆ ಮುಂದೆ ಎಳೆದು, ಲಾಗದ ನಟ್ಟನಡುವೆ ನಿಲ್ಲಿಸಿದ. ತಲೆಕೆಳಗಾದ ಮೈ, ಹಾರಿದ ಕೂದಲು. ದೊಡ್ಡದು ಮಾಡಿ ನೋಡಿದ. ಚುಕ್ಕಿ ಚುಕ್ಕಿಯಾಯಿತು.

"ಮಾರಿ ಕಾಣವಲ್ದು ಮಾಮಾ."

"ಕಾಣಬಾರದು ಅಂತಲೇ ಹಂಗ ತೆಗದಾರ."

ಇನ್ನೂ ಸ್ವಲ್ಪ ಹೊತ್ತು ನೋಡಿದ. ಮೊಬೈಲ್ ನನ್ನ ಕೈಗೆ ಕೊಟ್ಟು ಹಿತ್ತಲಿಗೆ ಹೋದ.

ಅಕ್ಕ ರೊಟ್ಟಿ ಬಡಿಯುವುದು ನಿಲ್ಲಿಸಿ ಕೇಳಿದಳು, "ಏನಂತ ಹೇಳಿದಿ ಅವಗ?"

ಹೋಗಬೇಡ ಅಂತ ನಾನು ಹೇಳಿರಲಿಲ್ಲ. ಹೋಗು ಅಂತಲೂ ಹೇಳಿರಲಿಲ್ಲ. ಬೆಂಗಳೂರಿಗೆ ಹೋಗುವ ದಿನ ನಾನೂ ಜೋಡಿಯಾಗಿ ಬರುತ್ತೇನೆ, ಸಂಘದ ಕಾರ್ಡು, ವಿಮೆ ಎಲ್ಲ ಏನಿದೆ ಏನಿಲ್ಲ ಅಂತ ಮೊದಲು ಕಣ್ಣಾರೆ ನೋಡೋಣ ಅಂದಿದ್ದೆ. ಈಜು ಕಲಿ ಅಂತಲೂ ಅಂದಿದ್ದೆ. ಅದನ್ನೇ ಅಕ್ಕನಿಗೆ ಹೇಳಿದೆ. ಅವಳು ಏನೂ ಅನ್ನದೆ ಮತ್ತೆ ರೊಟ್ಟಿ ಬಡಿಯತೊಡಗಿದಳು, ಮೊದಲಿಗಿಂತ ಜೋರಾಗಿ.

ಹಿತ್ತಲಿನಿಂದ ಧಪ್ ಅಂತ ಸದ್ದು ಬಂತು. ಎದ್ದು ನೋಡಿದೆ. ಹುಡುಗ ಗಾದಿಯಾಚೆ ಬಿದ್ದು ಮೊಣಕೈ ತಿಕ್ಕಿಕೊಳ್ಳುತ್ತಿದ್ದ.

"ಅಕ್ಕಾ," ಅಂದೆ, "ಇನ್ನೊಂದು ಹಳೇ ಗಾದಿ ಐತೇನ?"